ಚಗಳಿ ಚಟ್ನಿ: ಹುಳಿ ಉಳಿಸಿಕೊಳ್ಳುವ ಬಗೆ

ಮರದಲ್ಲಿ ಎಲೆಗೂಡು ಕಟ್ಟುವ ಚಗಳಿ ಇರುವೆಯನ್ನು ಮಾಂಸದ ಲೆಕ್ಕದಲ್ಲಿ ಹುರಿದು, ಮಸಾಲೆ ಸುರಿದು ಮಾಡಿದರೆ ಚಟ್ನಿ ಕೆಡುತ್ತದೆ. ನನ್ನ ಅಡುಗೆಮನೆಯಲ್ಲಿ ಅದು ವಾಟೆಹುಳಿ, ಮುರುಗಲು, ಉಪ್ಪಾಗೆಯಂಥ ಹುಳಿಹಣ್ಣುಗಳ ಸಾಲಿನಲ್ಲಿ ನಿಲ್ಲುವ ಪದಾರ್ಥ. ಅದರ ಗುಣವೆಲ್ಲ ಹುಳಿಯಲ್ಲೇ ಇದೆ. ಆ ಹುಳಿ ಇರುವೆಯ ಹೊಟ್ಟೆಯ ತುದಿಯ ಚೀಲದಲ್ಲಿರುವ ಫಾರ್ಮಿಕ್ ಆಮ್ಲದ್ದು. ನೀರು ತಾಗಿದರೆ ಅದು ಕರಗಿ ಹೋಗುತ್ತದೆ, ಕಾವು ಹೆಚ್ಚಾದರೆ ಆವಿಯಾಗುತ್ತದೆ, ಇರುವೆ ರೇಗಿದರೆ ಚಿಮ್ಮಿ ಖಾಲಿಯಾಗುತ್ತದೆ. ಮರದಿಂದ ಇಳಿಸುವುದರಿಂದ ಕಲ್ಲಿಗೆ ಹಾಕುವವರೆಗೆ ನಾನು ಮಾಡುವುದೆಲ್ಲ ಈ ಮೂರನ್ನು ತಪ್ಪಿಸುವುದಕ್ಕೇ.

ಮೊದಲು ಇರುವೆ ಯಾವುದೆಂದು ಖಚಿತವಾಗಬೇಕು. ಮಾವು, ಗೇರು, ಹಲಸು, ನೇರಳೆ ಮರಗಳಲ್ಲಿ ಹಸಿ ಎಲೆಗಳನ್ನು ಬಿಳಿ ನೂಲಿನಿಂದ ಹೊಲಿದು ಕೊಟ್ಟೆ ಕಟ್ಟುವ, ಕಿತ್ತಳೆಗೆಂಪು ಬಣ್ಣದ, ಉದ್ದ ಕಾಲಿನ ಇರುವೆ ಇದು. ಕೆಲವೂರಲ್ಲಿ ಚಿಗಳಿ, ಕೆಂಜಿಗ ಎನ್ನುತ್ತಾರೆ. ನೂಲು ದೊಡ್ಡ ಇರುವೆಯದ್ದಲ್ಲ. ಮರಿಹುಳವನ್ನು ಬಾಯಲ್ಲಿ ಕಚ್ಚಿ ಹಿಡಿದು, ಎಲೆಯಿಂದ ಎಲೆಗೆ ಅದರ ನೂಲನ್ನು ಎಳೆದು ಹೊಲಿಯುತ್ತವೆ. ಚಗಳಿಗೆ ಕೊಂಡಿಯಿಲ್ಲ. ಕಚ್ಚಿ, ಗಾಯದ ಮೇಲೆ ಆಮ್ಲ ಸಿಡಿಸುತ್ತದೆ, ಉರಿಯುವುದು ಅದರಿಂದ. ನೆಲದಲ್ಲಿ ಗೂಡು ಮಾಡಿ ಹಿಂಬದಿಯ ಕೊಂಡಿಯಿಂದ ಚುಚ್ಚುವ ಸಣ್ಣ ಕೆಂಪಿರುವೆ ಬೇರೆ ಜಾತಿ. ಅದನ್ನು ಚಟ್ನಿಗೆ ತರಬಾರದು.

ಶಿವರಾತ್ರಿ ಕಳೆದ ಮೇಲೆ ಮುಂಗಾರು ಹಿಡಿಯುವವರೆಗಿನ ಕಾಲ ಒಳ್ಳೆಯದು. ಆಗ ಕೊಟ್ಟೆಯಲ್ಲಿ ಮರಿ ತುಂಬಿರುತ್ತದೆ, ರೆಕ್ಕೆ ಬರಲಿರುವ ದೊಡ್ಡ ಹೆಣ್ಣು ಮರಿಗಳೂ ಸಿಗುತ್ತವೆ. ಮಳೆಗಾಲದಲ್ಲಿ ಎಲೆ ನೆನೆದು ಕೊಟ್ಟೆ ಒಡೆಯುತ್ತದೆ, ಮರ ಜಾರುತ್ತದೆ, ಸಿಕ್ಕಿದ್ದರಲ್ಲೂ ನೀರು ಸೇರಿರುತ್ತದೆ. ಹೋಗುವುದು ಬೆಳಗಿನ ತಂಪಿನಲ್ಲಿ. ಬಿಸಿಲೇರಿದ ಮೇಲೆ ಅರ್ಧ ಇರುವೆ ಮರವೆಲ್ಲ ಹರಿದಾಡುತ್ತಿರುತ್ತವೆ. ಆಗ ಕೊಟ್ಟೆ ಹಗುರ, ಕಡಿತ ಜಾಸ್ತಿ.

ಕಣ್ಣಿಗೆ ಬಿದ್ದ ಕೊಟ್ಟೆಗೆಲ್ಲ ದೋಟಿ ಹಾಕುವುದಿಲ್ಲ. ಎಲೆ ಒಣಗಿ ಕಂದಾಗಿದ್ದರೆ ಅದು ಬಿಟ್ಟುಹೋದ ಮನೆ, ಒಳಗೆ ಜೇಡ ಕುಳಿತಿರುತ್ತದೆ. ಮರದ ಬುಡದ ಹತ್ತಿರ, ಕೊನೆಯ ರೆಂಬೆಗಳಲ್ಲಿ ಇರುವ ಚಿಕ್ಕ ಕೊಟ್ಟೆಗಳು ಕಾವಲು ಠಾಣೆಗಳು. ಅಲ್ಲಿ ವಯಸ್ಸಾದ ಕೆಲಸಗಾರ ಇರುವೆಗಳು ಮಾತ್ರ, ಮರಿಯಿಲ್ಲ. ಬರೀ ಹುಳಿ ಬೇಕಿದ್ದರೆ ಅವೇ ಸಾಕು. ಮರಿ ಬೇಕಿದ್ದರೆ ಬಿಸಿಲು ಬೀಳುವ ಮೇಲಿನ ಕೊಂಬೆಯಲ್ಲಿ, ಎಲೆ ಇನ್ನೂ ಹಸಿರಾಗಿದ್ದು ಭಾರಕ್ಕೆ ಸ್ವಲ್ಪ ಜೋತುಬಿದ್ದ ಕೊಟ್ಟೆ ನೋಡಬೇಕು. ಒಂದು ಸಂಸಾರಕ್ಕೆ ಹತ್ತಾರು ಕೊಟ್ಟೆಗಳು, ಹಲವು ಮರಗಳಲ್ಲಿ ಹಂಚಿಕೊಂಡು ಇರುತ್ತವೆ. ರಾಣಿ ಮಾತ್ರ ಒಂದು, ಯಾವುದೋ ಒಂದು ಕೊಟ್ಟೆಯಲ್ಲಿ. ಒಂದು ಮರದಿಂದ ಎರಡು ಮೂರರ ಮೇಲೆ ತೆಗೆಯದಿದ್ದರೆ ಸಂಸಾರ ಉಳಿಯುತ್ತದೆ. ಗೇರು ತೋಟದವರು ಅದನ್ನು ಉಳಿಸಿಕೊಳ್ಳಲೇಬೇಕು. ಗೇರಿನ ಚಿಗುರು, ಹೂ ಸುಡುವ ಚಹಾ ಸೊಳ್ಳೆ ಎಂಬ ತಿಗಣೆಯನ್ನು ಚಗಳಿ ಹತ್ತಿರ ಬಿಡುವುದಿಲ್ಲ. ಚೀನಾದಲ್ಲಿ ಕಿತ್ತಳೆ ಜಾತಿಯ ತೋಟಗಳಿಗೆ ಇದೇ ಇರುವೆಯ ಗೂಡು ಕೊಂಡು ತಂದು ಕಟ್ಟುವ ಪದ್ಧತಿ ಸುಮಾರು 1,700 ವರ್ಷಗಳ ಹಿಂದೆಯೇ ಇತ್ತು.

ಬೇಡದ ಮರಗಳೂ ಇವೆ. ಕೀಟನಾಶಕ ಹೊಡೆದ ಗೇರು, ಮಾವಿನ ಮರದ ಚಗಳಿಯನ್ನು ಆ ಹಂಗಾಮು ಪೂರ್ತಿ ಮುಟ್ಟುವುದಿಲ್ಲ. ಸತ್ತ, ಅರೆಸತ್ತ ಕೀಟಗಳನ್ನು ಇವು ಗೂಡಿಗೆ ಎಳೆದು ತರುತ್ತವೆ, ವಿಷ ಮರಿಗೂ ಹೋಗುತ್ತದೆ. ಹೊಲಗೇರು ಮರದ ಕೊಟ್ಟೆ ಕೊಯ್ದರೆ ಸೊನೆ ತಾಗಿ ಕೈ ಬೊಬ್ಬೆ ಬರುತ್ತದೆ. ವಿಷದ ಬೀಜ ಬಿಡುವ ಕಾಸರಕನ ಮರದ್ದನ್ನು ಹಿರಿಯರು ತರುತ್ತಿರಲಿಲ್ಲ, ನಾನೂ ತರುವುದಿಲ್ಲ. ಬೇರೆ ಮರಗಳಿಗೇನು ಕಡಿಮೆ! ಅಭಯಾರಣ್ಯ, ರಾಷ್ಟ್ರೀಯ ಉದ್ಯಾನದೊಳಗೆ ಕೈ ಹಾಕುವಂತಿಲ್ಲ. ಸ್ವಂತ ತೋಟ, ಇಲ್ಲವೇ ಕೇಳಿ ಪಡೆದ ತೋಟ.

ಕೊಯ್ಯಲು ಇಬ್ಬರು ಬೇಕು. ಒಬ್ಬರ ಕೈಯಲ್ಲಿ ಕುಡುಗೋಲು ಕಟ್ಟಿದ ದೋಟಿ. ಇನ್ನೊಬ್ಬರು ಕೊಟ್ಟೆಯ ಕೆಳಗೆ ಒತ್ತು ನೇಯ್ಗೆಯ ದಪ್ಪ ಬಟ್ಟೆ ಚೀಲದ ಬಾಯಿ ಅಗಲಿಸಿ ಹಿಡಿಯಬೇಕು. ಗೋಣಿಯ ಸಂದಿಯಿಂದ ಇರುವೆ ಹೊರಬರುತ್ತದೆ. ರೆಂಬೆಯನ್ನು ಒಂದೇ ಏಟಿಗೆ ಕತ್ತರಿಸಬೇಕು. ಗರಗರ ಕೊಯ್ದರೆ ಅಲುಗಾಟಕ್ಕೆ ಎಲ್ಲವೂ ಹೊರಗೆ ಬಂದು ಆಮ್ಲ ಸಿಡಿಸುತ್ತವೆ, ಚಟ್ನಿಗೆ ಬೇಕಾದ ಹುಳಿ ಅಲ್ಲೇ ಗಾಳಿಗೆ ಹೋಗುತ್ತದೆ. ಉದ್ದ ತೋಳಿನ ಅಂಗಿ, ತಲೆಗೆ ಬಟ್ಟೆ, ಕಣ್ಣಿಗೆ ಕನ್ನಡಕ. ಕನ್ನಡಕದ ವಿಷಯದಲ್ಲಿ ರಾಜಿಯಿಲ್ಲ, ಮೇಲೆ ನೋಡುತ್ತ ನಿಂತಾಗ ಆಮ್ಲ ನೇರವಾಗಿ ಕಣ್ಣಿಗೇ ಬೀಳುತ್ತದೆ. ಬಿದ್ದರೆ ಉಜ್ಜದೆ ಹದಿನೈದು ನಿಮಿಷ ಶುದ್ಧ ನೀರು ಹರಿಸಬೇಕು, ಉರಿ ನಿಲ್ಲದಿದ್ದರೆ ವೈದ್ಯರ ಹತ್ತಿರ ಹೋಗಬೇಕು. ಮೈಮೇಲೆ ಹತ್ತಿದ್ದನ್ನು ಎಳೆದರೆ ಮುಂಡ ಕಿತ್ತು ಬರುತ್ತದೆ, ತಲೆ ಕಚ್ಚಿಕೊಂಡೇ ಇರುತ್ತದೆ. ಕೈಗೆ ಒಲೆಯ ಒಣ ಬೂದಿ ಸವರಿಕೊಂಡರೆ ಹಿಡಿತ ಸಿಗದೆ ಜಾರುತ್ತವೆ.

ಇನ್ನು ಕೊಲ್ಲುವ ಕೆಲಸ. ಹೆಚ್ಚಿನವರು ಎಡವುವುದು ಇಲ್ಲೇ. ಚೀಲವನ್ನು ಬಿಸಿನೀರಿಗೆ ಅದ್ದುವುದು ಸುಲಭ, ಆದರೆ ಅರ್ಧ ಹುಳಿ ಆ ನೀರಿನಲ್ಲೇ ಉಳಿಯುತ್ತದೆ. ಕೊಟ್ಟೆಯನ್ನು ಬೆಂಕಿಯ ಮೇಲೆ ಹಿಡಿದರೆ ಎಲೆ ಸುಟ್ಟ ಕಮಟು ಚಟ್ನಿಗೆ ಬರುತ್ತದೆ. ಫ್ರಿಜ್ ಇರುವ ಮನೆಯಲ್ಲಿ ಬಟ್ಟೆ ಚೀಲವನ್ನು ಹಾಗೆಯೇ ಪ್ಲಾಸ್ಟಿಕ್ ಚೀಲದೊಳಗೆ ಬಿಗಿದು ಫ್ರೀಜರ್‌ಗೆ ಇಟ್ಟುಬಿಡುತ್ತೇನೆ. ಚಳಿಗೆ ಮರಗಟ್ಟುವುದರಿಂದ ಆಮ್ಲ ಸಿಡಿಸುವುದಿಲ್ಲ. ಮೂರು ಗಂಟೆಯಾದರೂ ಬೇಕು. ಅರ್ಧ ಗಂಟೆಗೇ ತೆಗೆದರೆ ಸತ್ತಂತೆ ಕಾಣುವುದು ನಿಜ, ಮೊರದ ಮೇಲೆ ಹರಡಿ ಸ್ವಲ್ಪ ಹೊತ್ತಾದರೆ ಮತ್ತೆ ಏಳುತ್ತವೆ. ಫ್ರಿಜ್ ಇಲ್ಲದಿದ್ದರೆ ಮಣ್ಣಿನ ಮಡಕೆಯನ್ನು ಸಣ್ಣ ಉರಿಯಲ್ಲಿ ಬೆಚ್ಚಗೆ ಮಾಡಿ, ಇಳಿಸಿ, ಒಂದು ಹಿಡಿ ಕಲ್ಲುಪ್ಪು ಹಾಕಿ, ಕೊಟ್ಟೆಯನ್ನು ಅದರೊಳಗೆ ಕೊಡವಿ ಮುಚ್ಚಳ ಮುಚ್ಚಿ ಕುಲುಕುವುದು. ಮುಚ್ಚಳ ತೆಗೆಯುವಾಗ ಮುಖ ದೂರ ಇರಲಿ, ಆ ಆವಿ ಮೂಗಿನಿಂದ ನೆತ್ತಿಗೇರುತ್ತದೆ. ಈ ಬಗೆಯಲ್ಲಿ ಮಾಡಿದರೆ ಚಟ್ನಿಗೆ ಬೇರೆ ಉಪ್ಪು ಹಾಕುವ ಮುಂಚೆ ರುಚಿ ನೋಡಬೇಕು.

ಸೋಸುವುದು ಒಣಗಿದ್ದಾಗಲೇ. ನೀರು ತಾಗಿದರೆ ನೂಲು ಮರಿಗಳಿಗೆ ಅಂಟಿ ಬಿಡಿಸಲಾಗುವುದಿಲ್ಲ. ಮೊರದಲ್ಲಿ ಹರಡಿ, ಎಲೆ ಚೂರು, ನೂಲು, ಇರುವೆಗಳು ಎಳೆದು ತಂದ ಕೀಟಗಳ ಕಾಲು, ರೆಕ್ಕೆ, ಜೇಡ ಎಲ್ಲ ಆರಿಸಬೇಕು. ಎಲೆಗೆ ಅಂಟಿಕೊಂಡ ಬಿಳಿ ಹಿಟ್ಟುತಿಗಣೆಗಳೂ ಇರುತ್ತವೆ. ಅವುಗಳ ಸಿಹಿ ರಸಕ್ಕಾಗಿ ಚಗಳಿಯೇ ಸಾಕಿಕೊಂಡಿರುತ್ತದೆ. ಕೆಲವು ಕೊಟ್ಟೆಯೊಳಗೆ ಗಟ್ಟಿ ಚಿಪ್ಪಿನಂಥ ಮೈಯ, ಚಪ್ಪಟೆಯಾದ ಕಂಬಳಿಹುಳ ಸಿಗಬಹುದು, ಚಗಳಿ ಮರಿಗಳನ್ನೇ ತಿಂದು ಬೆಳೆಯುವ ಚಿಟ್ಟೆಯೊಂದರ ಮರಿ ಅದು. ತೆಗೆದು ಹಾಕಿ. ಮೊಟ್ಟೆ ಎಂದು ನಾವೆಲ್ಲ ಕರೆಯುವ ಬಿಳಿ ಕಾಳುಗಳು ಬಹುಪಾಲು ಮರಿಹುಳ ಮತ್ತು ಕೋಶಗಳು. ಅವನ್ನು ಬೇರೆ ಬಟ್ಟಲಿಗೆ ತೆಗೆದಿಡಬೇಕು. ಹೊರಗಿಟ್ಟರೆ ಬೇಗ ಕಪ್ಪಾಗುತ್ತವೆ, ಕಪ್ಪಾದದ್ದು ಕಹಿ. ತೆಂಗಿನಕಾಯಿ ಗಾತ್ರದ ಎರಡು ಮೂರು ಕೊಟ್ಟೆ ಸೋಸಿದರೆ ಒಂದು ಲೋಟದ ಹತ್ತಿರ ಬರುತ್ತದೆ.

ಒಂದು ಲೋಟಕ್ಕೆ ನನ್ನ ಅಳತೆ ಇದು: ಮುಕ್ಕಾಲು ಪಾಲು ದೊಡ್ಡ ಇರುವೆ, ಕಾಲು ಪಾಲು ಮರಿ. ಸೂಜಿಮೆಣಸು ಆರೇಳು, ಇಲ್ಲದಿದ್ದರೆ ಬ್ಯಾಡಗಿ ನಾಲ್ಕು ಮತ್ತು ಗುಂಟೂರು ಒಂದು. ಬೆಳ್ಳುಳ್ಳಿ ಆರು ಎಸಳು, ಸಣ್ಣ ಈರುಳ್ಳಿ ಒಂದು, ಕೊತ್ತಂಬರಿ ಬೀಜ ಒಂದು ಚಮಚ, ಕಲ್ಲುಪ್ಪು ಮುಕ್ಕಾಲು ಚಮಚ, ತೆಂಗಿನ ತುರಿ ಅರ್ಧ ಲೋಟ. ಹುಣಸೆ, ನಿಂಬೆ ಯಾವುದೂ ಬೇಡ. ಹುಣಸೆ ಹಾಕುವವರಿದ್ದಾರೆ, ಹಾಗಿದ್ದ ಮೇಲೆ ಚಗಳಿ ಕಚ್ಚಿಸಿಕೊಂಡದ್ದು ಯಾಕೆ?

ಮೆಣಸು, ಕೊತ್ತಂಬರಿ ಮೊದಲು ಹುರಿದು ತೆಗೆದಿಟ್ಟು, ಅದೇ ಬಿಸಿ ಮಡಕೆಯಲ್ಲಿ ಇರುವೆಯನ್ನು ಸಣ್ಣ ಉರಿಯಲ್ಲಿ ಎರಡು ಮೂರು ನಿಮಿಷ ಆಡಿಸಬೇಕು, ಅಷ್ಟೇ. ಬಣ್ಣ ಕೆಂಪಿನಿಂದ ಸ್ವಲ್ಪ ಮಂಕಾಗಿ, ಬೆರಳಲ್ಲಿ ಒತ್ತಿದರೆ ಪುಡಿಯಾಗುವಂತಿದ್ದರೆ ಸಾಕು. ಗರಿಗರಿ ಆಗಲಿ ಎಂದು ಕಾದರೆ ಹುಳಿ ಆವಿಯಾಗಿ ಹೊಟ್ಟು ಉಳಿಯುತ್ತದೆ. ಕಬ್ಬಿಣದ ಬಾಣಲೆ, ಅಲ್ಯೂಮಿನಿಯಂ ಪಾತ್ರೆ ಬೇಡ. ಆಮ್ಲ ಲೋಹವನ್ನು ತಿಂದು ಚಟ್ನಿ ಕಪ್ಪಾಗುತ್ತದೆ, ನಾಲಿಗೆಗೆ ಒಗರು ಹತ್ತುತ್ತದೆ. ಮಣ್ಣು ಅಥವಾ ಸ್ಟೀಲ್. ಅರೆಯುವ ಕಲ್ಲಿನಲ್ಲಿ ಮೊದಲು ಮೆಣಸು, ಉಪ್ಪು, ಬೆಳ್ಳುಳ್ಳಿ, ಆಮೇಲೆ ತೆಂಗು, ಈರುಳ್ಳಿ, ಕೊನೆಗೆ ಇರುವೆ, ಎಲ್ಲಕ್ಕಿಂತ ಕೊನೆಗೆ ಮರಿ. ಮರಿಯನ್ನು ಮೊದಲೇ ಹಾಕಿದರೆ ಕೊಬ್ಬಿನಂಶಕ್ಕೆ ಕಲ್ಲು ಜಾರಿ ಮೆಣಸು ಅರೆಯುವುದೇ ಇಲ್ಲ. ಮಿಕ್ಸಿಯಾದರೆ ನಿಲ್ಲಿಸಿ ನಿಲ್ಲಿಸಿ ತಿರುಗಿಸಬೇಕು. ನೀರು ಒಂದೆರಡು ಚಮಚಕ್ಕಿಂತ ಹೆಚ್ಚು ಬೇಡ. ತರಿತರಿಯಾಗಿರಲಿ. ಒಗ್ಗರಣೆ ಹಾಕುವುದಿಲ್ಲ, ಇಂಗು ಅಂತೂ ಇದರ ಘಮವನ್ನು ಪೂರ್ತಿ ಮುಚ್ಚುತ್ತದೆ. ಅಕ್ಕಿ ರೊಟ್ಟಿ, ಕಡುಬು, ಕುಚ್ಚಲಕ್ಕಿ ಗಂಜಿಗೆ ಸರಿಹೋಗುತ್ತದೆ.

ಮರಿ ಹೆಚ್ಚು ಸಿಕ್ಕಿದ ದಿನ ಅದನ್ನು ಚಟ್ನಿಗೆ ಹಾಕದೆ ಬೇರೆ ಮಾಡುತ್ತೇನೆ. ಕೊಬ್ಬರಿ ಎಣ್ಣೆಯಲ್ಲಿ ಈರುಳ್ಳಿ, ಹಸಿಮೆಣಸು ಬಾಡಿಸಿ, ಮರಿ ಹಾಕಿ ಎರಡು ನಿಮಿಷ. ಸೌಟಿನಿಂದ ಕಲಕದೆ ಪಾತ್ರೆಯನ್ನೇ ಅಲ್ಲಾಡಿಸಬೇಕು, ಕಲಕಿದರೆ ಒಡೆದು ಹಾಲು ಸೋರಿ ಅಂಟಂಟಾಗುತ್ತದೆ. ಇದರಲ್ಲಿ ಹುಳಿ ಕಡಿಮೆ, ಬೆಣ್ಣೆಯಂಥ ಮೆತುವು. ಥಾಯ್ಲೆಂಡಿನ ಈಶಾನ್ಯ ಭಾಗ ಮತ್ತು ಲಾವೋಸ್‌ನಲ್ಲಿ ಬೆಲೆ ಇರುವುದು ಈ ಮರಿಗೇ. ಸೊಪ್ಪಿನ ಸಾರಿಗೆ, ಕೋಸಂಬರಿಯಂಥ ಹಸಿ ಕಲಸುಗಳಿಗೆ ಹಾಕುತ್ತಾರೆ, ಸಂತೆಯಲ್ಲಿ ತೂಗಿ ಮಾರುತ್ತಾರೆ. ಛತ್ತೀಸಗಢದ ಬಸ್ತರ್‌ನ ಚಾಪ್ಡಾ, ಒಡಿಶಾದ ಮಯೂರ್‌ಭಂಜ್‌ನ ‘ಕಾಯಿ’ ಚಟ್ನಿ (ಅಲ್ಲಿ ಕಾಯಿ ಎಂದರೆ ಈ ಇರುವೆಯೇ) ನಮ್ಮದರ ಹತ್ತಿರದ ನಂಟರು, ಅಲ್ಲಿ ತೆಂಗು ಇಲ್ಲ ಅಷ್ಟೇ. ಅದೇ ಮಯೂರ್‌ಭಂಜ್‌ನ ಸಿಮಿಲಿಪಾಲ್ ಕಾಯಿ ಚಟ್ನಿಗೆ 2024ರ ಜನವರಿಯಲ್ಲಿ ಭೌಗೋಳಿಕ ಸೂಚಿಕೆ (ಜಿಐ ಟ್ಯಾಗ್) ಸಿಕ್ಕಿತು.

ಕರ್ನಾಟಕದಲ್ಲಿ ಜೋಯಿಡಾ, ಯಲ್ಲಾಪುರ ಕಡೆಯ ಕುಣಬಿ, ಸಿದ್ದಿ ಸಮುದಾಯಗಳ ಮನೆಗಳಲ್ಲಿ, ಶಿವಮೊಗ್ಗ, ಚಿಕ್ಕಮಗಳೂರಿನ ಮಲೆನಾಡಿನಲ್ಲಿ ಇದು ಇನ್ನೂ ಊಟದ ಭಾಗ. ಪೇಟೆಗೆ ಬಂದ ಮೇಲೆ ಅದನ್ನೇ ಮುಚ್ಚಿಡುವವರಿದ್ದಾರೆ. ‘ಹುಳ ತಿನ್ನುವವರು’ ಎಂಬ ಮಾತಿನ ಹಿಂದೆ ಇರುವುದು ರುಚಿಯ ವಿಚಾರವಲ್ಲ, ಜಾತಿಯ ವಿಚಾರ. ಹೊಳೆಯುವ ಮಿಠಾಯಿ, ಮಾತ್ರೆಗಳ ಮೇಲಿನ ಲೇಪಕ್ಕೆ ಬಳಸುವ ಅರಗು ಕೂಡ ಕೀಟದ್ದೇ. ಅದನ್ನು ನುಂಗುವಾಗ ಯಾರ ಮಡಿಯೂ ಕೆಟ್ಟಂತಿಲ್ಲ. ಕೋಪನ್‌ಹೇಗನ್‌ನ ನೋಮಾ ರೆಸ್ಟೋರೆಂಟ್ 2012ರಲ್ಲಿ ಲಂಡನ್ನಿನ ಹೋಟೆಲೊಂದರಲ್ಲಿ ಎಲೆಕೋಸಿನ ಮೇಲೆ ಜೀವಂತ ಇರುವೆ ಬಡಿಸಿದಾಗ ಪತ್ರಿಕೆಗಳೆಲ್ಲ ಬರೆದವು. ಬ್ರೆಜಿಲ್‌ನ ಬಾಣಸಿಗ ಆ್ಯಲೆಕ್ಸ್ ಅಟಾಲಾ ಅನಾನಸ್ ಹೋಳಿನ ಮೇಲೆ ಇರುವೆ ಇಟ್ಟು ಬಡಿಸಿದ್ದಾರೆ. ಇಬ್ಬರೂ ಅದನ್ನು ಬಳಸಿದ್ದು ಘಮಕ್ಕೆ, ಹುಳಿಗೆ. ಕುಣಬಿ ಅಜ್ಜಿಯೂ ಅದಕ್ಕೇ ಬಳಸುತ್ತಾಳೆ.

ಇದಕ್ಕೆ ಎದುರಾದ ಇನ್ನೊಂದು ಅತಿಯೂ ಇದೆ: ಚಗಳಿ ಸಕಲ ರೋಗಕ್ಕೂ ಮದ್ದು ಎಂಬ ಹೊಗಳಿಕೆ. ಅಂಗೈಯಲ್ಲಿ ಉಜ್ಜಿ ಮೂಸಿದರೆ ಕಟ್ಟಿದ ಮೂಗು ಬಿಟ್ಟುಕೊಂಡಂತಾಗುವುದು ಆಮ್ಲದ ಖಾರಕ್ಕೆ, ಶೀತ ವಾಸಿಯಾಗಿ ಅಲ್ಲ. ಕೋವಿಡ್‌ಗೆ ಈ ಚಟ್ನಿಯನ್ನು ದೇಶಾದ್ಯಂತ ಕೊಡಿಸಬೇಕೆಂಬ ಅರ್ಜಿಯನ್ನು ಸುಪ್ರೀಂ ಕೋರ್ಟ್ 2021ರಲ್ಲಿ ತಳ್ಳಿಹಾಕಿತು.

ಮೊದಲ ಸಲ ತಿನ್ನುವವರಿಗೆ ಏನೆಂದು ಹೇಳಿಯೇ ಬಡಿಸಬೇಕು. ತಿನ್ನಿಸಿ ಆಮೇಲೆ ನಗುವ ಚಾಳಿ ಕೆಟ್ಟದ್ದು, ಅಪಾಯವೂ ಹೌದು. ಸಿಗಡಿ, ಏಡಿ ಆಗದವರಿಗೆ ಇರುವೆಯೂ ಆಗದಿರಬಹುದು, ಎರಡರಲ್ಲೂ ಅಲರ್ಜಿ ತರುವ ಪ್ರೊಟೀನ್ ಒಂದೇ ಬಗೆಯದ್ದು. ಅಂಥವರು ತಿನ್ನದಿರುವುದೇ ಒಳ್ಳೆಯದು. ಉಳಿದವರಿಗೆ ಬೆರಳ ತುದಿಯಷ್ಟು, ಬಿಸಿ ರೊಟ್ಟಿಯ ಜೊತೆ. ಹೊಟ್ಟೆಯಲ್ಲಿ ಹುಣ್ಣು, ಹುಳಿತೇಗು ಇದ್ದವರಿಗೆ ಬೇಡ.

ತೆಂಗು ಹಾಕಿದ ಚಟ್ನಿ ಅದೇ ದಿನ ಮುಗಿಯಬೇಕು. ಇಡಬೇಕೆಂದರೆ ತೆಂಗು, ಈರುಳ್ಳಿ ಎರಡನ್ನೂ ಬಿಟ್ಟು, ಮರಿಯೂ ಇಲ್ಲದೆ, ಇರುವೆ, ಮೆಣಸು, ಬೆಳ್ಳುಳ್ಳಿ, ಉಪ್ಪನ್ನು ನೀರು ತಾಗಿಸದೆ ಅರೆದು ಗಾಜಿನ ಬಾಟಲಿಗೆ ತುಂಬಿ ಫ್ರಿಜ್‌ನಲ್ಲಿಟ್ಟರೆ ಒಂದು ವಾರಕ್ಕೆ ಮೋಸವಿಲ್ಲ. ತಗಡಿನ ಮುಚ್ಚಳವಾದರೆ ಒಳಗೊಂದು ಬಾಳೆಲೆ ತುಂಡು ಇಟ್ಟು ಮುಚ್ಚಿ, ಇಲ್ಲದಿದ್ದರೆ ಮುಚ್ಚಳ ತುಕ್ಕು ಹಿಡಿಯುತ್ತದೆ.