ಮಕ್ಕಳ ಸೈಕಾಲಜಿ ಓದ್ಬೇಕಾ? ಹಾಸನದಿಂದ ಬಸ್ ಹತ್ತೋ ಮುಂಚೆ ಇಷ್ಟು ನೋಡ್ಕೊಳ್ಳಿ

ಡಿಗ್ರೀಲಿ ಸೈಕಾಲಜಿ ತಗೊಂಡಿರೋ ಹುಡುಗೀರು ಹಾಸನದಲ್ಲಿ ಸಿಕ್ದಾಗೆಲ್ಲ ಕೇಳೋದು ಒಂದೇ, ಅಕ್ಕ ಸ್ಕೂಲ್ ಮಕ್ಕಳ ಜೊತೆ ಕೆಲಸ ಮಾಡ್ಬೇಕು, ಯಾವ ಕೋರ್ಸ್ ಸೇರ್ಲಿ ಅಂತ. ಕಾಲೇಜು ಆಮೇಲೆ, ಮೊದ್ಲು ಕೌನ್ಸೆಲರ್ ಆಗ್ಬೇಕಾ ಇಲ್ಲ ಟೆಸ್ಟ್ ಮಾಡಿ ರಿಪೋರ್ಟ್‌ಗೆ ಸೈನ್ ಹಾಕೋ ಕ್ಲಿನಿಕಲ್ ಸೈಕಾಲಜಿಸ್ಟ್ ಆಗ್ಬೇಕಾ, ಅದನ್ನ ತೀರ್ಮಾನ ಮಾಡಿ.

ಕೌನ್ಸೆಲರ್ ಅಂದ್ರೆ ಸೈಕಾಲಜೀಲಿ ಪಿಜಿ, ನಮ್ಗೆ ಹತ್ರ ಅಂದ್ರೆ ಮೈಸೂರಿನ ಮಾನಸಗಂಗೋತ್ರಿ. ಕ್ಲಿನಿಕಲ್ ಆದ್ರೆ ಆರ್‌ಸಿಐ (ಭಾರತೀಯ ಪುನರ್ವಸತಿ ಮಂಡಳಿ) ಒಪ್ಪಿದ ಕೋರ್ಸೇ ಆಗ್ಬೇಕು, ಅವ್ರ ರಿಜಿಸ್ಟರಲ್ಲಿ ಹೆಸರೂ ಇರ್ಬೇಕು. ಬೆಂಗಳೂರಿನ ನಿಮ್ಹಾನ್ಸಲ್ಲಿ ಎಂಟ್ರೆನ್ಸ್ ಬರೀಬೇಕು. ಇಷ್ಟು ವರ್ಷ ಎರಡು ವರ್ಷದ ಎಂ.ಫಿಲ್ಲೇ ದಾರಿ ಆಗಿತ್ತು, ಅದ್ರ ಅಡ್ಮಿಶನ್‌ಗೆ ಯುಜಿಸಿ ಕೊಟ್ಟಿದ್ದು 2025-26ರ ತನಕ, ಹಂಗಾಗಿ ಹಳೇ ಸೀನಿಯರ್ ಮಾತು ನಂಬ್ಕೊಂಡು ಕೂರ್ಬೇಡಿ. ದೂರಶಿಕ್ಷಣದಲ್ಲಿ ಮಾಡ್ಕೊಳ್ತೀನಿ ಅಂತಾನೂ ಅನ್ಕೋಬೇಡಿ, 2025ರಿಂದ ಸೈಕಾಲಜಿಗೆ ಅದನ್ನ ಯುಜಿಸಿ ನಿಲ್ಸಿದೆ.

ಸೀಟ್ ಸಿಕ್ತು ಅಂತ ಫೀಸ್ ಕಟ್ಟೋ ಮುಂಚೆ ಒಂದು ಕೇಳಿ, ಎಷ್ಟು ಮಕ್ಕಳನ್ನ ನಾನೇ ನೋಡ್ತೀನಿ, ಪಕ್ಕದಲ್ಲಿ ಕೂತು ತಿದ್ದೋರು ಯಾರು? ಅಮೆರಿಕದಲ್ಲಿ ಸ್ಕೂಲ್ ಸೈಕಾಲಜಿ ಅಂತಾನೇ ಬೇರೆ ಡಿಗ್ರಿ ಇದೆ, ಅಲ್ಲಿನ ಸ್ಕೂಲ್ ಸೈಕಾಲಜಿಸ್ಟ್‌ಗಳ ಸಂಘ ಇಂಟರ್ನ್‌ಶಿಪ್ಪೇ 1200 ಗಂಟೆ ಇರ್ಬೇಕು ಅನ್ನುತ್ತೆ, ಅದ್ರಲ್ಲಿ 600 ಸ್ಕೂಲಲ್ಲೇ. ಸುಮ್ನೆ ಅಲ್ಲ ಅದು. ನಾನು ಮೊದಲ ಸಲ ಸೆಗುಯಿನ್ ಫಾರ್ಮ್ ಬೋರ್ಡ್ ಇಟ್ಟಾಗ, ಮರದ ಹತ್ತು ಆಕಾರಾನ ಅದದರ ಗುಂಡೀಲಿ ಕೂರ್ಸೋ ಟೆಸ್ಟ್ ಅಷ್ಟೇ, ಎದುರಿಗಿದ್ದ ಹುಡುಗ ನಕ್ಷತ್ರ ತಿರುಗ್ಸಿ ತಿರುಗ್ಸಿ ಕೂರ್ಸೋದು ನೋಡ್ತಾ ಸ್ಟಾಪ್‌ವಾಚ್ ಒತ್ತೋದೇ ಮರ್ತಿದ್ದೆ! ಟೈಮೇ ಮುಖ್ಯ ಆದ ಟೆಸ್ಟಲ್ಲಿ.

ಓದ್ತಿರುವಾಗ್ಲೇ ಮಕ್ಕಳ ನೋಟ್‌ಬುಕ್ ನೋಡೋ ಅಭ್ಯಾಸ ಮಾಡ್ಕೊಳ್ಳಿ. ಒಬ್ಬ ಐದನೇ ಕ್ಲಾಸ್ ಹುಡುಗ ಬಾಯಲ್ಲಿ ಎಲ್ಲ ಸರಿಯಾಗಿ ಹೇಳ್ತಾನೆ, ಬರೆದ್ರೆ ಒತ್ತಕ್ಷರವೇ ಇಲ್ಲ, ಅಕ್ಕ ಹೋಗಿ ಅಕ, ಹಳ್ಳಿ ಹೋಗಿ ಹಳಿ. ತಕ್ಷಣ ಡಿಸ್ಲೆಕ್ಸಿಯಾ (ಓದೋ ಬರೆಯೋ ತೊಂದ್ರೆ) ಅನ್ಬೇಡಿ. ಕಣ್ಣು ಕಿವಿ ತೋರ್ಸಿದಾರಾ, ಮನೇಲಿ ಯಾವ ಭಾಷೆ, ಸಕಲೇಶಪುರದ ಕಡೆ ಎಸ್ಟೇಟ್ ಕೂಲಿಯವ್ರ ಲೈನ್ ಮನೇಲಿರೋ ಮಗು ಆದ್ರೆ ಎಷ್ಟು ಸ್ಕೂಲ್ ಬದಲಾಯ್ತು, ಇವೆಲ್ಲ ಮೊದ್ಲು. ಆಮೇಲೆ ಮನೆಯವ್ರನ್ನ ಕೂರ್ಸಿ ಮಾತಾಡ್ಸಿ, ಅಪ್ಪ ಅಮ್ಮ ಮಾತ್ರ ಅಲ್ಲ, ಅಜ್ಜಿ ಬಂದಿದ್ರೆ ಅಜ್ಜೀನೂ. ಈ ಹುಡುಗನ ಅಜ್ಜಿ ಮೂಲೇಲಿ ಕೂತು ಎಲೆ ಅಡಿಕೆ ಹಾಕ್ಕೊಳ್ತಾ "ಅವ್ರಪ್ಪನೂ ಹಿಂಗೇ ಬರೀತಿದ್ದ ಬುಡವ್ವ" ಅಂದ್ರು. ನಗ್ಬೇಡಿ, ಕೇಸ್ ಶೀಟಲ್ಲಿ ಬರ್ಕೊಳ್ಳಿ, ಓದೋ ಬರೆಯೋ ತೊಂದ್ರೆ ಮನೆತನದಲ್ಲಿ ಬರೋದುಂಟು.