ಮರಿಗೆ ಮೊದಲು ಬಿಸುಪು, ಆಮೇಲೆ ನುಚ್ಚು

ಹೇಟೆ ಗೂಡು ಬಿಟ್ಟು ಏಳದೆ, ಹತ್ತಿರ ಹೋದರೆ ಪುಕ್ಕ ಉಬ್ಬಿಸಿ ಗೊರ್ ಎನ್ನುತ್ತಿದ್ದರೆ ಅದಕ್ಕೆ ಕಾವು ಬಂದಿದೆ ಎಂದು ತಿಳಿಯಿರಿ. ಹೊಟ್ಟೆಯಡಿ ಕೈ ತೂರಿಸಿದರೆ ಪುಕ್ಕ ಉದುರಿ ಬರೀ ಚರ್ಮ ಬಿಸಿಬಿಸಿಯಾಗಿ ತಗಲುತ್ತದೆ. ಆದರೂ ಆತುರ ಬೇಡ. ಎರಡು ರಾತ್ರಿ ಅಲ್ಲೇ ಕೂತಿರುತ್ತದೆಯೇ ನೋಡಿ, ಆಮೇಲೆ ಮೊಟ್ಟೆ ಇಡಿ. ಕೆಲವು ಕೋಳಿ ಮೂರನೇ ದಿನಕ್ಕೇ ಎದ್ದು ಮೇಯಲು ಹೋಗಿಬಿಡುತ್ತವೆ, ಇಟ್ಟ ಮೊಟ್ಟೆಯೆಲ್ಲ ಹಾಳು. ಗಿರಿರಾಜ ಸಾಕಿದವರು ಅದರ ಮೊಟ್ಟೆಯನ್ನು ನಾಟಿ ಹೇಟೆಗೇ ಕೊಡುವುದು ಇದಕ್ಕೇ. ಹೆಬ್ಬಾಳದ ಪಶುವೈದ್ಯ ಕಾಲೇಜಿನಿಂದ ಬಂದ ಆ ತಳಿ ಮೈ ತುಂಬಿ ಬೆಳೆಯುತ್ತದೆ, ಆದರೆ ಕಾವಿಗೆ ಕೂರುವ ಗುಣ ನಾಟಿಯಷ್ಟಿಲ್ಲ.

ಹುಂಜದ ಜೊತೆ ತಿರುಗಿದ ಕೋಳಿಯ ಮೊಟ್ಟೆಯೇ ಆಗಬೇಕು. ಅಂಗಡಿಯ ಬಿಳಿ ಮೊಟ್ಟೆ ಇಟ್ಟು ಕಾದರೆ ಏನೂ ಬರುವುದಿಲ್ಲ. ಇಟ್ಟು ಒಂದು ವಾರ ದಾಟದ, ಬಿರುಕಿಲ್ಲದ, ನಡುಗಾತ್ರದ ಮೊಟ್ಟೆ ಆರಿಸಿ. ಕೊಳೆ ಅಂಟಿದೆ ಎಂದು ತೊಳೆಯಬೇಡಿ. ಚಿಪ್ಪಿನ ಮೇಲೆ ಕಣ್ಣಿಗೆ ಕಾಣದ ಪೊರೆಯೊಂದಿರುತ್ತದೆ, ತೊಳೆದರೆ ಅದು ಹೋಗಿ ಒಳಗೆ ಕೊಳಕು ಸೇರುತ್ತದೆ. ಒಣಬಟ್ಟೆಯಲ್ಲಿ ಒರೆಸಿದರೆ ಸಾಕು. ಫ್ರಿಜ್ಜಿನಲ್ಲಿಟ್ಟ ಮೊಟ್ಟೆ ತಿನ್ನಲು ಸರಿ, ಮರಿ ಮಾಡಿಸಲು ಬೇಡ. ನಮ್ಮ ತುಮಕೂರು ಕಡೆಯ ಬೇಸಿಗೆಯಲ್ಲಿ, ಕಾವಿಗಿಡುವವರೆಗೆ ಮೊಟ್ಟೆ ಕಾಪಾಡಲು ನಾನು ಮಾಡುವುದು ಹೀಗೆ: ಮೂಲೆಯಲ್ಲಿ ಒದ್ದೆ ಮರಳು ಹರಡಿ, ಅದರಲ್ಲಿ ಮಣ್ಣಿನ ಮಡಕೆಯನ್ನು ಅರ್ಧ ಹೂತು, ಒಳಗೆ ಹುಲ್ಲು ಹಾಕಿ ಮೊಟ್ಟೆಯ ಚೂಪು ತುದಿ ಕೆಳಗೆ ಬರುವಂತೆ ಇಡುತ್ತೇನೆ. ಬಾಯಿಗೆ ತೆಳುಬಟ್ಟೆ. ಮರಳು ಒಣಗದಂತೆ ದಿನಕ್ಕೆರಡು ಸಲ ನೀರು ಚಿಮುಕಿಸಿದರೆ ಒಳಗೆ ತಂಪಾಗಿರುತ್ತದೆ.

ಹೇಟೆಯನ್ನು ಕೂರಿಸುವ ಮಂಕರಿಗೆ, ಅಂದರೆ ಬುಟ್ಟಿಗೆ, ತಳದಲ್ಲಿ ಸ್ವಲ್ಪ ಬೂದಿ, ಅದರ ಮೇಲೆ ಮರಳು, ಅದರ ಮೇಲೆ ಒಣಹುಲ್ಲು, ನಡುವೆ ನಾಲ್ಕು ಬೇವಿನೆಲೆ. ಬೂದಿಯೂ ಬೇವೂ ಕೋಳಿಹೇನಿಗೆ. ಹೇನು ಹತ್ತಿದ ಹೇಟೆ ನೆಮ್ಮದಿಯಾಗಿ ಕೂರಲಾರದು, ಅರ್ಧದಲ್ಲೇ ಎದ್ದುಹೋಗುತ್ತದೆ. ಗುಡುಗಿಗೆ ಮೊಟ್ಟೆ ಕೆಡುತ್ತದೆ ಎಂದು ನಮ್ಮವ್ವ ಒಂದು ಕಬ್ಬಿಣದ ಚೂರನ್ನೂ ಇದ್ದಿಲನ್ನೂ ಇಡುತ್ತಿದ್ದಳು. ಇಟ್ಟರೆ ನಷ್ಟವೇನಿಲ್ಲ. ಆದರೆ ಗುಡುಗಿನ ದಿನ ಮೊಟ್ಟೆ ಕೆಡಿಸುವುದು ಸೋರುವ ಸೂರು, ನೆನೆದ ಹುಲ್ಲು. ಮೊದಲು ಅದನ್ನು ನೋಡಿಕೊಳ್ಳಿ. ಹೇಟೆಯ ಮೈಯಡಿ ಪೂರ್ತಿ ಮುಚ್ಚುವಷ್ಟೇ ಮೊಟ್ಟೆ ಇಡಿ, ನಾಟಿಗೆ ಹತ್ತು ಹನ್ನೆರಡು ಸಾಕು. ಕತ್ತಲಾದ ಮೇಲೆ ಕೂರಿಸಿದರೆ ಬೆಳಗಿನ ಹೊತ್ತಿಗೆ ಜಾಗಕ್ಕೆ ಒಗ್ಗಿರುತ್ತದೆ.

ಇನ್ನು 21 ದಿನದ ಕೆಲಸ ಅದರದ್ದು. ಮೊಟ್ಟೆ ತಿರುಗಿಸುವುದು, ಅಂಚಿನದನ್ನು ನಡುವಿಗೆ ತರುವುದು ಎಲ್ಲ ಅದಕ್ಕೇ ಗೊತ್ತು. ದಿನಕ್ಕೊಮ್ಮೆ ಎದ್ದು, ಒಂದು ಗಳಿಗೆ ತಿಂದು ಕುಡಿದು, ಹಿಕ್ಕೆ ಹಾಕಿ, ಬೂದಿಯಲ್ಲಿ ಹೊರಳಿ ಬರುತ್ತದೆ. ಮೊಟ್ಟೆ ಆರಿಹೋಯಿತೆಂದು ಓಡಿಸಬೇಡಿ. ಕೈಗೆಟಕುವ ದೂರದಲ್ಲಿ ರಾಗಿ, ಜೋಳ, ನೀರು ಇರಲಿ. ಏಳನೇ ರಾತ್ರಿ ಒಂದು ರಟ್ಟಿಗೆ ಮೊಟ್ಟೆಗಿಂತ ಚಿಕ್ಕ ತೂತು ಮಾಡಿ, ಕೆಳಗಿಂದ ಮೊಬೈಲ್ ಟಾರ್ಚ್ ಬಿಟ್ಟು ಮೊಟ್ಟೆ ನೋಡಿ. ಜೇಡದ ಕಾಲಿನ ಹಾಗೆ ಕೆಂಪು ನರ ಹರಡಿದ್ದರೆ ಜೀವ ಕಟ್ಟಿದೆ. ಏನೂ ಇಲ್ಲದೆ ತಿಳಿಯಾಗಿದ್ದರೆ ಗೊಡ್ಡು. ನರವಿಲ್ಲದೆ ಬರೀ ರಕ್ತದ ಉಂಗುರ ಕಂಡರೆ ಕಟ್ಟಿದ ಜೀವ ಹೋಗಿದೆ. ಇವೆರಡನ್ನೂ ತೆಗೆದುಬಿಡಿ, ಕೊಳೆತು ಒಡೆದರೆ ಉಳಿದವಕ್ಕೂ ಕೇಡು. ಮೆಷಿನ್ನಿನಲ್ಲಿ ಮಾಡಿಸುವವರು 37.5 ಡಿಗ್ರಿ ಶಾಖ ಹಿಡಿದು, 18ನೇ ದಿನದವರೆಗೆ ದಿನಕ್ಕೆ ಮೂರರಿಂದ ಐದು ಸಲ ತಿರುಗಿಸಿ, ಕೊನೆಯ ಮೂರು ದಿನ ತಿರುಗಿಸುವುದು ನಿಲ್ಲಿಸಿ ತೇವ ಹೆಚ್ಚಿಸಬೇಕು. ಮುಚ್ಚಳ ತೆಗೆದು ತೆಗೆದು ನೋಡಬಾರದು.

ಕೊನೆಯ ದಿನಗಳಲ್ಲಿ ಮೊಟ್ಟೆಯನ್ನು ಉಗುರುಬೆಚ್ಚಗಿನ ನೀರಿಗೆ ಬಿಟ್ಟು, ಅಲುಗಾಡಿದರೆ ಮರಿ ಇದೆ ಎಂದು ಹಿಂದಿನವರು ನೋಡುತ್ತಿದ್ದರು. ನಾನು ಬಿಟ್ಟುಬಿಟ್ಟೆ. ಕಣ್ಣಿಗೆ ಕಾಣದ ಸಣ್ಣ ಬಿರುಕಿದ್ದರೂ ಮರಿ ಒಳಗೇ ನೀರು ಕುಡಿದು ಸಾಯುತ್ತದೆ. ಕಿವಿಯ ಹತ್ತಿರ ಹಿಡಿಯಿರಿ ಸಾಕು, ಟಿಕ್ ಟಿಕ್ ಎಂದು ಕೊಕ್ಕಿನ ಸದ್ದು, ಆಮೇಲೆ ಸಣ್ಣಗೆ ಪಿಯ್ ಎನ್ನುವ ದನಿ ಕೇಳುತ್ತದೆ. ಅದಕ್ಕೆ ಹೇಟೆ ಗಂಟಲಲ್ಲೇ ಕುರ್ ಕುರ್ ಎಂದು ಓಗೊಡುತ್ತದೆ. ಇಷ್ಟು ವರ್ಷವಾದರೂ ಅದನ್ನು ಕೇಳಿದರೆ ನನಗೆ ಮೈ ಜುಮ್ಮೆನ್ನುತ್ತದೆ.

ಇಲ್ಲಿ ಒಂದು ಮಾತು ಒತ್ತಿ ಹೇಳುತ್ತೇನೆ. ಮದುವೆಯಾಗಿ ಬಂದ ಹೊಸದರಲ್ಲಿ, ಬೆಳಗ್ಗೆ ಮರಿ ತೂತು ಮಾಡಿದ ಮೊಟ್ಟೆ ಮಧ್ಯಾಹ್ನವಾದರೂ ಹಾಗೇ ಇತ್ತು. ಪಾಪ ಒದ್ದಾಡುತ್ತಿದೆ ಎಂದು ನಾನೇ ಚಿಪ್ಪು ಸುಲಿದೆ. ಒಳಪೊರೆಯಿಂದ ರಕ್ತ ಜಿನುಗಿತು, ಹೊಕ್ಕುಳಲ್ಲಿ ಹಳದಿ ಇನ್ನೂ ಹೊರಗೇ ಇತ್ತು. ಸಂಜೆಗೆ ಮರಿ ಸತ್ತಿತು. "ಹಣ್ಣಾಗೋ ಮುಂಚೆ ಕಿತ್ತೆಯಲ್ಲ ತಾಯಿ" ಎಂದರು ಅತ್ತೆ. ತೂತು ಬಿದ್ದ ಮೇಲೂ ಮರಿ ಹಳದಿಯನ್ನು ಹೊಟ್ಟೆಯೊಳಗೆ ಎಳೆದುಕೊಳ್ಳುತ್ತಿರುತ್ತದೆ, ಪೊರೆಯ ರಕ್ತ ಮೈಗೆ ಸೇರುತ್ತಿರುತ್ತದೆ. ಅದಕ್ಕೆ ಹನ್ನೆರಡು ಗಂಟೆಯಿಂದ ಒಂದು ದಿನ ಹಿಡಿಯುತ್ತದೆ. ಒಂದು ದಿನ ಪೂರ್ತಿ ಕಳೆದೂ ಮುಂದುವರಿಯದೆ, ಪೊರೆ ಒಣಗಿ ಕಾಗದದಂತಾಗಿದ್ದರೆ ಮಾತ್ರ ಬೆಚ್ಚನೆ ನೀರಲ್ಲಿ ಹತ್ತಿ ಅದ್ದಿ, ಕೊಕ್ಕಿನ ತೂತಿಗೆ ನೀರು ಹೋಗದಂತೆ ಪೊರೆ ಒದ್ದೆ ಮಾಡಿ, ಚಿಪ್ಪನ್ನು ಚೂರುಚೂರೇ ಬಿಡಿಸಿ. ರಕ್ತ ಕಂಡ ಕ್ಷಣ ಕೈ ತೆಗೆದು ಮತ್ತೆ ಕಾವಿಗೆ ಇಡಿ.

ಹುಟ್ಟಿದ ಮರಿ ಒಂದು ದಿನ ತಿನ್ನದಿದ್ದರೂ ಹೆದರಬೇಡಿ, ಹೊಟ್ಟೆಯೊಳಗಿನ ಹಳದಿಯೇ ಅದಕ್ಕೆ ಬುತ್ತಿ. ಸೊರಗಿದ ಮರಿಗೆ ಎಲ್ಲರೂ ಮೊದಲು ಬಾಯಿಗೇನಾದರೂ ಹಾಕಲು ಹೋಗುತ್ತಾರೆ. ಮೊದಲು ಅದರ ಕಾಲು ಮುಟ್ಟಿ ನೋಡಿ. ತಣ್ಣಗಿದ್ದರೆ ಬೇಕಾದದ್ದು ಬಿಸುಪು. ತಣ್ಣಗಾದ ಮರಿಗೆ ತಿಂದದ್ದು ಅರಗುವುದೇ ಇಲ್ಲ. ಅಂಗೈಯಲ್ಲಿ ಮುಚ್ಚಿಕೊಳ್ಳಿ, ಇಲ್ಲವೇ ರಟ್ಟಿನ ಡಬ್ಬಿಯಲ್ಲಿ ಹಳೇ ಸೀರೆ ಹಾಸಿ ಒಂದು ಮೂಲೆಗೆ ಬಲ್ಬು ಇಳಿಬಿಡಿ. ಹಳೇ ತಂತಿಯ ಬಲ್ಬೇ ಆಗಬೇಕು, ಎಲ್‌ಇಡಿ ಬೆಳಕು ಕೊಟ್ಟೀತು, ಶಾಖ ಕೊಡದು. ಕರೆಂಟ್ ಹೋದರೆ ಬಾಟಲಿಗೆ ಬಿಸಿನೀರು ತುಂಬಿ ಬಟ್ಟೆ ಸುತ್ತಿ ಪಕ್ಕದಲ್ಲಿಡಿ. ಮುಚ್ಚಿದ ಕೋಣೆಯಲ್ಲಿ ಕೆಂಡದ ಮಡಕೆ ಬೇಡ, ಕೆಂಡದ ವಿಷಗಾಳಿಗೆ ಮರಿಯೂ ಉಳಿಯದು, ಮನುಷ್ಯರಿಗೂ ಅಪಾಯ. ಮೊದಲ ವಾರ 35 ಡಿಗ್ರಿಯಷ್ಟು, ಆಮೇಲೆ ವಾರವಾರವೂ ಮೂರು ಡಿಗ್ರಿಯಂತೆ ಇಳಿಸುವುದು. ಅಳೆಯಲು ಏನೂ ಇಲ್ಲದಿದ್ದರೆ ಮರಿಗಳನ್ನೇ ನೋಡಿ: ಬಲ್ಬಿನಡಿ ಒಂದರ ಮೇಲೊಂದು ಬಿದ್ದಿದ್ದರೆ ಚಳಿ, ದೂರ ಹೋಗಿ ಬಾಯಿ ತೆರೆದಿದ್ದರೆ ಸೆಕೆ.

ಮೈ ಬೆಚ್ಚಗಾದ ಮೇಲೆ ಬೆಲ್ಲದ ನೀರು. ಕೊಕ್ಕಿನ ತುದಿಯನ್ನು ಅದ್ದಿ ಬಿಡಿ, ಅದೇ ತಲೆ ಎತ್ತಿ ನುಂಗುತ್ತದೆ. ಬಾಯಿ ಬಿಡಿಸಿ ಹುಯ್ದರೆ ಶ್ವಾಸಕ್ಕೆ ಹೋಗುತ್ತದೆ. ಆಮೇಲೆ ಬೇಯಿಸಿದ ಮೊಟ್ಟೆಯ ಹಳದಿ ಪುಡಿ, ಅಕ್ಕಿನುಚ್ಚು, ನವಣೆ. ಸಂಜೆ ಮಡಕೆಗೆ ಸಗಣಿ, ಒಣಹುಲ್ಲು ತುಂಬಿ ನೀರು ಚಿಮುಕಿಸಿ ಗೆದ್ದಲಿರುವ ಕಡೆ ಕವುಚಿಟ್ಟರೆ ಬೆಳಗ್ಗೆ ಬೇಕಾದಷ್ಟು ಗೆದ್ದಲು. ಮರಿ ಗೇಣುದ್ದ ಹಾರಿ ಬಂದು ತಿನ್ನುತ್ತವೆ. ನೀರಿನ ತಟ್ಟೆಗೆ ಬೆಣಚುಕಲ್ಲು ಹಾಕಿ, ಇಲ್ಲದಿದ್ದರೆ ಬಿದ್ದು ನೆನೆಯುತ್ತವೆ. ಹಿಂಭಾಗಕ್ಕೆ ಹಿಕ್ಕೆ ಅಂಟಿ ಗಟ್ಟಿಯಾಗಿದ್ದರೆ ಕೀಳಬೇಡಿ, ಬೆಚ್ಚನೆ ನೀರಲ್ಲಿ ನೆನೆಸಿ ಬಿಡಿಸಿ, ಒರೆಸಿ, ಕೊಬ್ಬರಿ ಎಣ್ಣೆ ಸವರಿ.

ಹೋದ ಮಳೆಗಾಲದಲ್ಲಿ ಒಂದು ಮರಿ ಎರಡು ಕಾಲನ್ನೂ ಪಕ್ಕಕ್ಕೆ ಚಾಚಿ ಕಪ್ಪೆಯ ಹಾಗೆ ಬಿದ್ದಿತ್ತು. ಡಬ್ಬಿಗೆ ನ್ಯೂಸ್‌ಪೇಪರ್ ಹಾಸಿದ್ದರು ಮನೆಯಲ್ಲಿ, ಅದರ ನುಣುಪಿಗೆ ಕಾಲು ಜಾರಿ ಹಾಗಾಗಿತ್ತು. ಗಾಯಕ್ಕೆ ಹಾಕುವ ಅಂಟುಪಟ್ಟಿಯನ್ನು ಉದ್ದಕ್ಕೆ ಸೀಳಿ, ಒಂದು ತುದಿ ಒಂದು ಕಾಲಿಗೆ, ಇನ್ನೊಂದು ತುದಿ ಇನ್ನೊಂದಕ್ಕೆ ಸಡಿಲವಾಗಿ ಸುತ್ತಿದೆ. ಮರಿ ನೆಟ್ಟಗೆ ನಿಂತಾಗ ಕಾಲುಗಳ ನಡುವೆ ಎಷ್ಟು ಅಂತರ ಇರುತ್ತದೆಯೋ ಅಷ್ಟೇ ಬಿಟ್ಟೆ. ಕೆಳಗೆ ಒರಟು ಗೋಣಿ ಹಾಸಿದೆ. ಮೊದಲ ದಿನ ಬರೀ ಮುಗ್ಗರಿಸಿತು, ಮಾರನೇ ದಿನ ಕುಪ್ಪಳಿಸಿತು, ನಾಲ್ಕನೇ ದಿನ ಪಟ್ಟಿ ಬಿಚ್ಚಿದರೆ ನಡೆಯಿತು. ಇದನ್ನು ಹುಟ್ಟಿದ ಒಂದೆರಡು ದಿನದಲ್ಲೇ ಮಾಡಬೇಕು. ಮೂಳೆ ಬಲಿತರೆ ಬಗ್ಗದು.

ಮರಿಗಳು ಕುಕ್ಕಿ ಗಾಯವಾಗಿದ್ದರೆ ತಕ್ಷಣ ಬೇರೆ ಮಾಡಿ, ಕೆಂಪು ಕಂಡರೆ ಎಲ್ಲವೂ ಅಲ್ಲಿಗೇ ಕುಕ್ಕುತ್ತವೆ. ಉಪ್ಪು ಹಾಕಿ ಕುದಿಸಿ ಆರಿಸಿದ ನೀರಿನಲ್ಲಿ ತೊಳೆದು, ಕೊಬ್ಬರಿ ಎಣ್ಣೆಯಲ್ಲಿ ಕಲಸಿದ ಅರಿಸಿನ ಹಚ್ಚಿ. ನೊಣ ಕೂರದ ಹಾಗೆ ಸೊಳ್ಳೆಪರದೆಯ ತುಂಡು ಮುಚ್ಚಿ. ಬೆಕ್ಕು ಕಚ್ಚಿದ್ದರೆ ಮಾತ್ರ ಮನೆಮದ್ದು ನಂಬಿ ಕೂರಬೇಡಿ, ಹಲ್ಲಿನ ತೂತು ಸಣ್ಣದು, ನಂಜು ದೊಡ್ಡದು. ಪಶು ಆಸ್ಪತ್ರೆಗೆ ಒಯ್ಯಿರಿ. ಹಾಗೆಯೇ ಒಂದಲ್ಲ, ನಾಲ್ಕಾರು ಮರಿ ಒಟ್ಟಿಗೆ ತೂಗಡಿಸಿ, ಹಸಿರು ಭೇದಿಯಾಗಿ ಕತ್ತು ತಿರುಚಿದರೆ ಅದು ಕೊಕ್ಕರೆ ರೋಗ (ರಾಣಿಖೇತ್) ಇರಬಹುದು. ಬಂದ ಮೇಲೆ ಅದಕ್ಕೆ ಮದ್ದಿಲ್ಲ. ಹುಟ್ಟಿದ ಐದರಿಂದ ಏಳನೇ ದಿನದೊಳಗೆ ಕಣ್ಣಿಗೋ ಮೂಗಿಗೋ ಒಂದು ಹನಿ ಲಸಿಕೆ ಹಾಕಿಸಿಬಿಡಿ. ಲಸಿಕೆಯನ್ನು ಐಸ್ ತುಂಬಿದ ಫ್ಲಾಸ್ಕಿನಲ್ಲೇ ತರಬೇಕು.

ಆರೈಕೆಯ ಮರಿಯನ್ನು ಒಂಟಿಯಾಗಿ ಇಡಬೇಡಿ, ಕೂಗಿ ಕೂಗಿಯೇ ಸೊರಗುತ್ತದೆ. ಗಟ್ಟಿಯಾದ ಇನ್ನೊಂದು ಸಾಧು ಮರಿಯನ್ನು ಜೊತೆಗೆ ಬಿಡಿ. ಚೇತರಿಸಿಕೊಂಡ ಮೇಲೆ ಹಗಲಲ್ಲಿ ತಾಯಿಯ ಹತ್ತಿರ ಬಿಟ್ಟರೆ ಪರಕೀಯ ಎಂದು ಕುಕ್ಕಬಹುದು. ರಾತ್ರಿ, ದೀಪ ಆರಿಸಿ, ಹೇಟೆಯ ರೆಕ್ಕೆಯಡಿ ಮೆಲ್ಲಗೆ ತೂರಿಸಿ. ಅದು ಒಮ್ಮೆ ಮೈ ಎತ್ತಿ, ಕುರ್ ಎಂದು, ಜಾಗ ಮಾಡಿಕೊಂಡು ಮತ್ತೆ ಕೂರುತ್ತದೆ. ಬೆಳಗ್ಗೆ ಮೇಲೆ ಮುಚ್ಚಿದ ಮಂಕರಿ ಎತ್ತುವ ಹೊತ್ತಿಗೆ ನೀವು ಹತ್ತಿರವೇ ಇರಿ. ಕುಕ್ಕಿದರೆ ವಾಪಸ್ಸು ತಂದು, ಸಂಜೆ ಕತ್ತಲಾದ ಮೇಲೆ ಮತ್ತೆ ಇಟ್ಟು ನೋಡಿ.