ಮೇಲಿನ ಮನೆಯ ಬಾಡಿಗೆ, ಸಾಲದ ಬಡ್ಡಿ: ನನ್ನ ಟ್ಯಾಕ್ಸ್ ಲೆಕ್ಕ

ಬ್ಯಾಂಕ್ ಸಾಲ ಮಾಡಿ ಮೈಸೂರಿನಲ್ಲಿ ಕೆಳಗೊಂದು ಮೇಲೊಂದು ಮನೆ ಕಟ್ಟಿಸಿದ್ದೇನೆ. ಕೆಳಗೆ ನಾವಿದ್ದೇವೆ, ಮೇಲಿನದು ಬಾಡಿಗೆಗೆ. ಹೊಸ ತೆರಿಗೆ ಪದ್ಧತಿಯಲ್ಲಿ ಮನೆ ಸಾಲದ ಬಡ್ಡಿಗೆ ಏನೂ ಸಿಗಲ್ಲ ಅಂತ ಎಲ್ಲರೂ ಹೇಳ್ತಾರೆ ಅಲ್ವಾ? ಅದು ನಾವು ವಾಸವಿರುವ ಮನೆಗೆ ಮಾತ್ರ. ಬಾಡಿಗೆ ಮನೆಯ ಪಾಲಿನ ಬಡ್ಡಿಯನ್ನು ಆ ಬಾಡಿಗೆಯಲ್ಲೇ ಕಳೆಯಬಹುದು. ಇದನ್ನು ಬಿಟ್ಟರೆ ದುಡಿದ ದುಡ್ಡು ಸುಮ್ನೆ ಹೋಗುತ್ತದೆ.

2025-26ಕ್ಕೆ ನಾನು ಹಾಕಿದ ಲೆಕ್ಕ ನೋಡಿ. ತಿಂಗಳಿಗೆ 15,000ದಂತೆ ಬಾಡಿಗೆ 1,80,000. ಮೇಲಿನ ಮನೆಯ ಪಾಲಿಗೆ ಕಟ್ಟಿದ ಕಂದಾಯ 4,000 ಕಳೆದೆ. ಉಳಿದ 1,76,000ಕ್ಕೆ ಶೇ. 30, ಅಂದರೆ 52,800, ರಿಪೇರಿ ಬಾಬ್ತು ಅಂತ ಕಾನೂನೇ ಬಿಡುತ್ತದೆ. ಪೇಂಟಿಂಗ್ ಬಿಲ್ಲು, ಮೋಟಾರ್ ಬಿಲ್ಲು ಏನೂ ಬೇಡ. ಅಲ್ಲಿಗೆ ಉಳಿದದ್ದು 1,23,200.

ಸಾಲದ ಬಡ್ಡಿ ಆ ವರ್ಷ 3,20,000. ಎರಡೂ ಮನೆ ಒಂದೇ ಅಳತೆ, ಹಾಗಾಗಿ ಅರ್ಧ ಬಡ್ಡಿ, 1,60,000, ಮೇಲಿನ ಮನೆಗೆ ಹಾಕಿದೆ. ಬಾಡಿಗೆ ಆದಾಯ ಚುಕ್ತಾ. ಮಿಕ್ಕ 36,800ನ್ನು ಹೊಸ ಪದ್ಧತಿಯಲ್ಲಿ ಸಂಬಳದಿಂದ ಕಳೆಯಲು ಬರುವುದಿಲ್ಲ, ಅದಿರಲಿ.

ಸಂಬಳ 12,50,000. ಸ್ಟ್ಯಾಂಡರ್ಡ್ ಡಿಡಕ್ಷನ್ 75,000 ಹೋಗಿ 11,75,000. 12 ಲಕ್ಷದ ಒಳಗಿರುವುದರಿಂದ ರಿಬೇಟ್ ಸಿಕ್ಕಿ ತೆರಿಗೆ ಸೊನ್ನೆ. ಬಡ್ಡಿ ಕಳೆಯದೆ ಬಾಡಿಗೆಯ 1,23,200 ಸೇರಿಸಿದ್ದರೆ ರಿಬೇಟ್ ಕೈತಪ್ಪಿ, ಸೆಸ್ ಸೇರಿ 77,000ಕ್ಕಿಂತ ಜಾಸ್ತಿ ಕಟ್ಟಬೇಕಿತ್ತು!

ಹಳೇ ಪದ್ಧತಿಯನ್ನೂ ಹಾಕಿ ನೋಡಿದೆ. ಅಲ್ಲಿ ಕೆಳಗಿನ ಮನೆಯ ಬಡ್ಡಿಯೂ ಕಳೆಯುತ್ತದೆ, ಪಿಎಫ್ ಮತ್ತು ಸಾಲದ ಅಸಲು ಸೇರಿ 1,50,000 ಕೂಡ. ಆದರೂ ತೆರಿಗೆ 85,000 ದಾಟಿತು. ಬಡ್ಡಿಗೋಸ್ಕರ ಹಳೇ ಪದ್ಧತಿಗೇ ಅಂಟಿಕೊಂಡವರು ಒಮ್ಮೆ ಎರಡನ್ನೂ ಹಾಕಿ ನೋಡಲೇಬೇಕು.

ಬಾಡಿಗೆದಾರರು ಕೊಟ್ಟ ಅಡ್ವಾನ್ಸ್ ವಾಪಸ್ ಕೊಡಬೇಕಾದ ಹಣ, ಅದನ್ನು ಆದಾಯಕ್ಕೆ ಸೇರಿಸಬೇಡಿ. ಕಂದಾಯ ಮಾತ್ರ ಮಾರ್ಚ್ 31ರೊಳಗೆ ಕಟ್ಟಿದ್ದರಷ್ಟೇ ಆ ವರ್ಷದ ಲೆಕ್ಕಕ್ಕೆ ಬರುತ್ತದೆ. ನಾನು ಏಪ್ರಿಲ್‌ನಲ್ಲೇ ಕಟ್ಟುತ್ತೇನೆ, ಶೇ. 5 ರಿಯಾಯಿತಿಯೂ ಸಿಗುತ್ತದೆ. ಆ ರಸೀದಿ, ಬ್ಯಾಂಕಿನ ಬಡ್ಡಿ ಸರ್ಟಿಫಿಕೇಟ್, ಬಾಡಿಗೆ ಕರಾರು, ಮನೆಯ ಅಳತೆ ಇರುವ ಪ್ಲಾನ್ ಒಂದೇ ಫೈಲಿನಲ್ಲಿಟ್ಟಿದ್ದೇನೆ. ನೋಟಿಸ್ ಬಂದರೆ ಬಡ್ಡಿ ಅರ್ಧ ಯಾಕೆ ಹಂಚಿದೆ ಅನ್ನುವುದಕ್ಕೆ ಆ ಪ್ಲಾನೇ ಉತ್ತರ.